ತೆಪ್ಪದ ಮೇಲಿನ ಬಿಸಿಲು, ಟೊಪ್ಪಿಗೆಯ ಅಂಚು

— ದೋಣಿ ನಡೆಸುವವರ ಟೊಪ್ಪಿಗೆಯಿಂದ ಎರಡು ಕೆಲಸ ಆಗಬೇಕು. ನೆತ್ತಿ ಕಾಯದಂತೆ ನೋಡಿಕೊಳ್ಳುವುದು ಒಂದು. ಮುಖ, ಕಿವಿ, ಕುತ್ತಿಗೆಯ ಚರ್ಮಕ್ಕೆ ನೆರಳು ಕೊಡುವುದು ಇನ್ನೊಂದು. ಹಾವೇರಿ ಜಿಲ್ಲೆಯಲ್ಲಿ ತುಂಗಭದ್ರೆ, ವರದೆಯ ದಂಡೆಯ ಜನ ತಲೆಗೆ ಸುತ್ತುವ ರುಮಾಲು, ಟವೆಲ್ಲು ಮೊದಲನೆಯದನ್ನು ಚೆನ್ನಾಗಿ ಮಾಡುತ್ತವೆ. ಎರಡನೆಯದು ಅವುಗಳಿಂದ ಆಗುವುದು ಬಹಳ ಕಡಿಮೆ.

— ಅಲ್ರೀ ಮಾಸ್ತರ್ರ, ಅಂಬಿಗರ ಚೌಡಯ್ಯನ ಕಾಲದಿಂದ ಈ ಹೊಳ್ಯಾಗ ತೆಪ್ಪ ಓಡ್ಯಾಡ್ಯಾವು. ರುಮಾಲು ಸುತ್ತಿದವರೆಲ್ಲಾ ಹುಟ್ಟು ಹಾಕಲಿಲ್ಲೇನು? ಅವರಿಗೆ ಏನಾತು?

— ಚೌಡಯ್ಯ ಹನ್ನೆರಡನೆಯ ಶತಮಾನದ ಶರಣ, ವಚನಕಾರ. ರಾಣೆಬೆನ್ನೂರು ತಾಲ್ಲೂಕಿನಲ್ಲಿ ಅವನ ಹೆಸರು ಹೊತ್ತ ಚೌಡಯ್ಯದಾನಪುರ, ಅಲ್ಲಿನ ಮುಕ್ತೇಶ್ವರ ಗುಡಿ ಹೊಳೆಯ ದಂಡೆಯಲ್ಲೇ ಇವೆ. ರುಮಾಲಿನ ಗುಣವನ್ನು ಅಲ್ಲಗಳೆಯುವ ಮಾತಿಲ್ಲ, ಕಾಕಾ. ಹತ್ತಿ ಬಟ್ಟೆಯ ಹಲವು ಸುತ್ತುಗಳ ನಡುವೆ ಗಾಳಿ ನಿಲ್ಲುತ್ತದೆ, ಆ ಗಾಳಿ ಕಾವನ್ನು ನೆತ್ತಿಗೆ ಬಿಡುವುದಿಲ್ಲ. ಹೊಳೆಯಲ್ಲಿ ಅದ್ದಿ ಸುತ್ತಿದರೆ ನೀರು ಆವಿಯಾಗುತ್ತ ತಲೆ ತಂಪಾಗಿರುತ್ತದೆ. ಬಿಚ್ಚಿದರೆ ಬೆವರು ಒರೆಸಲು ಬರುತ್ತದೆ, ಸುರುಳಿ ಮಾಡಿದರೆ ಹೊರೆಗೆ ಸಿಂಬಿಯಾಗುತ್ತದೆ, ತೀರಾ ಆಪತ್ತಿಗೆ ಹಗ್ಗವೂ ಆಗುತ್ತದೆ. ಇಷ್ಟು ಕೆಲಸಕ್ಕೆ ಬರುವ ಟೊಪ್ಪಿಗೆ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಆದರೆ ಇವೆಲ್ಲ ಕಾವಿಗೆ ಸಂಬಂಧಿಸಿದ್ದು. ಚರ್ಮವನ್ನು ಕೆಡಿಸುವುದು ಕಾವಿಗಿಂತ ಹೆಚ್ಚಾಗಿ ನೇರಳಾತೀತ ಕಿರಣ. ಅದು ಕಣ್ಣಿಗೆ ಕಾಣುವುದಿಲ್ಲ, ಮೈಗೆ ಬಿಸಿಯಾಗಿಯೂ ತಾಗುವುದಿಲ್ಲ.

— ಬಿಸಿ ತಾಗಲಾರದ್ದು ಸುಡೂದು ಹ್ಯಾಂಗ?

— ಬಿಸಿಲಿನಲ್ಲಿ ಕಾಣುವ ಬೆಳಕಿದೆ, ಕಾವು ಕೊಡುವ ಅವಕೆಂಪು ಕಿರಣವಿದೆ, ಜೊತೆಗೆ ಸಣ್ಣ ಪಾಲು ನೇರಳಾತೀತವೂ ಇದೆ. ಈ ಮೂರನೆಯದನ್ನು ಜರ್ಮನಿಯ ರಿಟ್ಟರ್ 1801ರಲ್ಲಿ ಕಂಡುಹಿಡಿದ. ಅದರಲ್ಲೂ ನೆಲಕ್ಕೆ ಮುಟ್ಟುವುದು ಎರಡು ಬಗೆ. 315ರಿಂದ 400 ನ್ಯಾನೊಮೀಟರಿನ ‘ಎ’ ಕಿರಣ ನೂರಕ್ಕೆ ತೊಂಬತ್ತೈದರಷ್ಟು. ಅದು ಚರ್ಮದ ಒಳಪದರದವರೆಗೆ ಇಳಿದು ಸುಕ್ಕು ತರುತ್ತದೆ, ಬಣ್ಣ ಕಪ್ಪಾಗಿಸುತ್ತದೆ. 280ರಿಂದ 315ರ ‘ಬಿ’ ಕಿರಣ ಪ್ರಮಾಣದಲ್ಲಿ ಕಡಿಮೆ, ಆದರೆ ಮೇಲ್ಪದರದ ಜೀವಕೋಶಗಳ ಡಿಎನ್‌ಎಯನ್ನೇ ಮುರಿಯುವಷ್ಟು ಬಲದ್ದು. ಚರ್ಮ ಕೆಂಪಾಗುವುದು, ಉರಿಯುವುದು, ಸಿಪ್ಪೆ ಏಳುವುದು ಹೆಚ್ಚಾಗಿ ಇದರಿಂದ. ಹೊಳೆಯ ಗಾಳಿ ತಂಪಾಗಿ ಬೀಸುತ್ತಿದ್ದರೂ ಈ ಕೆಲಸ ನಡೆದೇ ಇರುತ್ತದೆ. ಉರಿ ಶುರುವಾಗುವುದು ಕೆಲವು ತಾಸು ಕಳೆದ ಮೇಲೆ. ನೀರಿನ ಮೇಲೆ ಇರುವವರು ಮೋಸ ಹೋಗುವುದು ಇಲ್ಲೇ.

ಕಾವು ಮತ್ತು ಕಿರಣ ಎರಡನ್ನೂ ಒಂದೇ ಎಂದು ತಿಳಿದು ಎಡವಿದವರಲ್ಲಿ ಇಂಗ್ಲಿಷರೂ ಇದ್ದರು. ಸೂರ್ಯನ ಕಿರಣ ತಲೆಬುರುಡೆಯನ್ನೂ ಬೆನ್ನುಹುರಿಯನ್ನೂ ತೂರಿ ಹೋಗಿ ಬಿಸಿಲುಹೊಡೆತ ತರುತ್ತದೆ ಎಂದು ನಂಬಿ, ಅವರು ಭಾರತದಲ್ಲಿ ಬೆಂಡಿನ ಟೊಪ್ಪಿಗೆ ಹಾಕಿಕೊಂಡರು, ಬೆನ್ನಿಗೆ ದಪ್ಪ ಬಟ್ಟೆಯ ಪಟ್ಟಿಯನ್ನೂ ಕಟ್ಟಿಕೊಂಡರು. ಬಿಸಿಲುಹೊಡೆತ ನಿಜವಾಗಿ ಬರುವುದು ಇಡೀ ದೇಹದ ಉಷ್ಣತೆ 40 ಡಿಗ್ರಿ ದಾಟಿದಾಗ. ಬೆನ್ನಿನ ಪಟ್ಟಿ ಆ ಕಾವನ್ನು ಹೆಚ್ಚಿಸುತ್ತಿತ್ತು. ಎರಡನೆಯ ಮಹಾಯುದ್ಧದ ಹೊತ್ತಿಗೆ ಸೈನ್ಯವೇ ಆ ಟೊಪ್ಪಿಗೆಯನ್ನು ಕೈಬಿಟ್ಟಿತು. ತಮಾಷೆಯೆಂದರೆ, ಅದರ ಸುತ್ತಲಿನ ಅಂಚು ಮುಖಕ್ಕೂ ಕುತ್ತಿಗೆಗೂ ಒಳ್ಳೆಯ ನೆರಳೇ ಕೊಡುತ್ತಿತ್ತು. ಹಾಕಿಕೊಂಡ ಕಾರಣ ತಪ್ಪಾಗಿದ್ದರೂ ಸಿಕ್ಕ ಲಾಭ ಸುಳ್ಳಲ್ಲ.

— ಮತ್ತ ಕಿರಣ ಜೋರ ಐತೋ ಇಲ್ಲೋ ಅಂತ ತಿಳಿಯೂದು ಹ್ಯಾಂಗ? ಮೈಗೆ ಗೊತ್ತಾಗಂಗಿಲ್ಲ ಅಂತೀರಿ.

— ನೆರಳು ನೋಡಿದರೆ ಸಾಕು. ನಿಂತವರ ನೆರಳು ಅವರ ಎತ್ತರಕ್ಕಿಂತ ಗಿಡ್ಡವಾಗಿದ್ದರೆ ಸೂರ್ಯ 45 ಡಿಗ್ರಿಗಿಂತ ಮೇಲಿದ್ದಾನೆ, ಕಿರಣ ಜೋರಾಗಿದೆ ಎಂದು ಅರ್ಥ. ನೆರಳು ಉದ್ದವಾಗಿದ್ದರೆ ಕಿರಣ ವಾತಾವರಣದಲ್ಲಿ ದೂರದ ದಾರಿ ಸವೆಸಿ ಬರಬೇಕಾಗುತ್ತದೆ, ದಾರಿಯಲ್ಲೇ ಬಹುಪಾಲು ಸೋಸಿಹೋಗುತ್ತದೆ. ನಡುಹಗಲೆಂದರೆ ಗಡಿಯಾರದ ಹನ್ನೆರಡು ಗಂಟೆ ಎಂದು ತಿಳಿಯಬಾರದು. ಭಾರತದ ಗಡಿಯಾರ 82.5 ಡಿಗ್ರಿ ಪೂರ್ವ ರೇಖಾಂಶದ್ದು. ಹಾವೇರಿ ಇರುವುದು ಅದಕ್ಕಿಂತ ಏಳು ಡಿಗ್ರಿ ಪಶ್ಚಿಮಕ್ಕೆ. ಆದ್ದರಿಂದ ಇಲ್ಲಿ ಸೂರ್ಯ ಅತಿ ಎತ್ತರಕ್ಕೆ ಬರುವುದು ಹೆಚ್ಚುಕಡಿಮೆ ಹನ್ನೆರಡೂವರೆಗೆ. ಹತ್ತೂವರೆಯಿಂದ ಎರಡೂವರೆಯವರೆಗಿನ ನಾಲ್ಕು ತಾಸು ದಿನದ ಅತಿ ಕೆಟ್ಟ ಹೊತ್ತು.

ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ಮೂರೂ 14.6ರಿಂದ 14.8 ಡಿಗ್ರಿ ಉತ್ತರ ಅಕ್ಷಾಂಶದ ಒಳಗೆ ಬರುತ್ತವೆ. ಸೂರ್ಯ ಇವುಗಳ ನೆತ್ತಿಯ ಮೇಲೆ ನೇರ ಬರುವುದು ವರ್ಷಕ್ಕೆ ಎರಡು ಸಲ: ಏಪ್ರಿಲ್ ಮುಗಿಯುವಾಗ ಒಮ್ಮೆ, ಆಗಸ್ಟ್ ಎರಡನೆಯ ವಾರದ ಹೊತ್ತಿಗೆ ಇನ್ನೊಮ್ಮೆ. ಆ ದಿನಗಳ ನಡುಹಗಲಿಗೆ ನಿಲ್ಲಿಸಿದ ಕೋಲಿಗೂ ನೆರಳು ಇರುವುದಿಲ್ಲ. ಏಪ್ರಿಲಿನದು ಎಲ್ಲರಿಗೂ ಗೊತ್ತಾಗುತ್ತದೆ, ನೆಲವೇ ಕಾದಿರುತ್ತದೆ. ಆಗಸ್ಟಿನದು ಯಾರ ಗಮನಕ್ಕೂ ಬಾರದೆ ಹೋಗುತ್ತದೆ. ಮಳೆಗಾಲ, ಹೊಳೆ ತುಂಬಿದೆ, ಮೋಡ ಕವಿದಿದೆ, ಮೈಗೆ ತಂಪು. ದಟ್ಟ ಕಪ್ಪು ಮೋಡ ಕಿರಣವನ್ನು ತಡೆಯುತ್ತದೆ, ನಿಜ; ತೆಳು ಬಿಳಿ ಮೋಡ ಬಹುಪಾಲನ್ನು ಕೆಳಗೆ ಬಿಟ್ಟುಬಿಡುತ್ತದೆ. ನೇರಳಾತೀತ ಕಿರಣದ ಬಲವನ್ನು ಅಳೆಯಲು ಸೂಚ್ಯಂಕವೊಂದಿದೆ. ಅದು 3 ಮುಟ್ಟಿದರೆ ರಕ್ಷಣೆ ಬೇಕು, 8 ಆದರೆ ಬಹಳ ಹೆಚ್ಚು, 11 ಎಂದರೆ ವಿಪರೀತ. ಈ ಅಕ್ಷಾಂಶದ ಬೇಸಿಗೆಯ ನಡುಹಗಲಲ್ಲಿ 11 ದಾಟುವುದು ವಿಶೇಷವೇನಲ್ಲ.

— ಹೊಳ್ಯಾಗ ಬಿಸಲು ಎರಡು ಪಟ್ಟು ಅಂತಾರ. ಮ್ಯಾಲಿಂದೊಂದು, ನೀರಾಗಿಂದೊಂದು.

— ಇದು ಅರ್ಧ ನಿಜ. ಸೂರ್ಯ ನೆತ್ತಿಯ ಮೇಲಿದ್ದಾಗ ಶಾಂತ ನೀರು ಹಿಂದಕ್ಕೆ ಎಸೆಯುವ ಬೆಳಕು ನೂರಕ್ಕೆ ಎರಡರಷ್ಟು ಮಾತ್ರ. ಸೂರ್ಯ ದಿಗಂತದಿಂದ ಹತ್ತು ಡಿಗ್ರಿ ಮೇಲಿದ್ದಾಗ ಅದೇ ನೀರು ಮೂರನೇ ಒಂದು ಭಾಗ ಎಸೆಯುತ್ತದೆ. ಕಣ್ಣು ಕುಕ್ಕುವುದು ಬೆಳಗ್ಗೆ, ಸಂಜೆ. ಆ ಹೊತ್ತಿಗೆ ನೇರಳಾತೀತ ಕಿರಣದ ಬಲ ಕಡಿಮೆ. ಕಿರಣ ಜೋರಾಗಿರುವ ನಡುಹಗಲಲ್ಲಿ ನೀರು ಅಷ್ಟಾಗಿ ಕುಕ್ಕುವುದಿಲ್ಲ. ಕಣ್ಣು ಕುಕ್ಕಿದಾಗ ಟೊಪ್ಪಿಗೆ ಹಾಕಿ, ಕುಕ್ಕದಾಗ ತೆಗೆದಿಡುವವರು ಸಮಯವನ್ನು ಪೂರ್ತಿ ತಿರುವುಮುರುವು ಮಾಡಿಕೊಂಡಂತಾಯಿತು.

ನೀರಿಗಿಂತ ದೊಡ್ಡ ಪಾಲು ಆಕಾಶದ್ದು. ನೇರಳಾತೀತ ಕಿರಣ ಗಾಳಿಯ ಅಣುಗಳಿಗೆ ತಾಗಿ ಚೆದುರುವುದು ಕಾಣುವ ಬೆಳಕಿಗಿಂತ ಬಹಳ ಹೆಚ್ಚು. ನೆಲಕ್ಕೆ ಬರುವುದರಲ್ಲಿ ಸುಮಾರು ಅರ್ಧ ಹೀಗೆ ಚೆದುರಿ, ನೀಲಿ ಆಕಾಶದ ಎಲ್ಲ ಮೂಲೆಗಳಿಂದ ಬರುವಂಥದ್ದು. ಊರೊಳಗೆ ಮನೆ, ಮರಗಳು ಆಕಾಶದ ಒಂದು ಭಾಗವನ್ನು ಮುಚ್ಚಿರುತ್ತವೆ. ಗಳಗನಾಥದ ಹತ್ತಿರ ವರದಾ ತುಂಗಭದ್ರೆಗೆ ಕೂಡುವಲ್ಲಿ ನೀರಿನ ನಡುವೆ ಇದ್ದವರಿಗೆ ದಿಗಂತದಿಂದ ದಿಗಂತದವರೆಗೆ ಆಕಾಶ ತೆರೆದಿರುತ್ತದೆ. ಹಾವೇರಿಯ ಹೆಗ್ಗೇರಿಯಲ್ಲಿ ಬಲೆ ಬಿಡುವವರಿಗೂ ಅಷ್ಟೇ. ಹೊಳೆಯ ಮೇಲಿನ ಬಿಸಿಲು ಹೆಚ್ಚು ಅನ್ನಿಸುವುದಕ್ಕೆ ಮುಖ್ಯ ಕಾರಣ ಈ ಬಯಲು.

— ಹಂಗಂದ್ರ ಎಂಥಾ ಟೊಪ್ಪಿಗಿ ಬೇಕು? ಹುಡುಗೂರು ಹಾಕ್ಕೊಳ್ಳೋ ಕ್ರಿಕೆಟ್ ಕ್ಯಾಪು ಸಾಲಂಗಿಲ್ಲೇನು?

— ರಸ್ತೆಯಲ್ಲಿ ಒಂದೇ ದಿಕ್ಕಿಗೆ ನಡೆಯುವವರಿಗೆ ಅದು ಅಷ್ಟಿಷ್ಟು ನೆರಳು ಕೊಟ್ಟೀತು. ತೆಪ್ಪದಲ್ಲಿ ಕೊಡುವುದಿಲ್ಲ, ಯಾಕೆಂದರೆ ತೆಪ್ಪ ತಿರುಗುತ್ತದೆ. ಇದೇ ತುಂಗಭದ್ರೆಯ ಕೆಳಪಾತ್ರದಲ್ಲಿ, ವಿಜಯನಗರದಲ್ಲಿ, 1520ರ ಸುಮಾರಿಗೆ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಕಂಡ ದೋಣಿಗಳು ಬುಟ್ಟಿಯ ಹಾಗೆ ದುಂಡಗಿದ್ದವು. ಒಳಗೆ ಬೆತ್ತದ ಹೆಣಿಗೆ, ಹೊರಗೆ ತೊಗಲು. ಹದಿನೈದು ಇಪ್ಪತ್ತು ಜನ ಹಿಡಿಸುತ್ತಿದ್ದರು, ಕುದುರೆ ಎತ್ತುಗಳೂ ದಾಟುತ್ತಿದ್ದವು. ಹುಟ್ಟು ಹಾಕಿದ ಹಾಗೆಲ್ಲ ಅವು ಗರಗರ ತಿರುಗುತ್ತಿದ್ದವು ಎಂಬುದೂ ಅವನ ಬರಹದಲ್ಲಿದೆ. ಈಗ ತೊಗಲಿನ ಜಾಗಕ್ಕೆ ಪ್ಲಾಸ್ಟಿಕ್ ಹಾಳೆ, ಡಾಂಬರು ಬಂದಿವೆ, ಆಕಾರ ಅದೇ. ತೆಪ್ಪ ಒಂದು ಸುತ್ತು ತಿರುಗುವಷ್ಟರಲ್ಲಿ ಬಿಸಿಲು ಹಣೆಗೆ, ಕಿವಿಗೆ, ಕತ್ತಿನ ಹಿಂಭಾಗಕ್ಕೆ ಸರದಿಯಂತೆ ಬೀಳುತ್ತದೆ. ಕ್ಯಾಪಿನ ಮೂತಿ ಮುಂದಕ್ಕೆ ಮಾತ್ರ. ತೆಪ್ಪದವರ ಟೊಪ್ಪಿಗೆಗೆ ಸುತ್ತಲೂ ಅಂಚು ಬೇಕು.

ಅಂಚಿನ ಅಗಲವೇ ಇಲ್ಲಿ ಎಲ್ಲಕ್ಕಿಂತ ಮುಖ್ಯ. ಬ್ರಿಟನ್ನಿನ ಡಿಫಿ ಮತ್ತು ಚೀಸ್‌ಮನ್ 1992ರಲ್ಲಿ ಬಗೆಬಗೆಯ ಟೊಪ್ಪಿಗೆಗಳನ್ನು ಅಳೆದು ನೋಡಿದರು. 7.5 ಸೆಂಟಿಮೀಟರಿಗಿಂತ ಅಗಲ ಅಂಚಿದ್ದರೆ ಮೂಗಿಗೆ ಬೀಳುವ ಕಿರಣ ಏಳರಲ್ಲಿ ಒಂದು ಭಾಗಕ್ಕೆ ಇಳಿಯಿತು, ಕುತ್ತಿಗೆಗೆ ಐದರಲ್ಲಿ ಒಂದು, ಕೆನ್ನೆಗೆ ಮೂರರಲ್ಲಿ ಒಂದು, ಗದ್ದಕ್ಕೆ ಅರ್ಧ. ಅಂಚು ಅದಕ್ಕಿಂತ ಕಿರಿದಾದರೆ ಮೂಗಿಗೆ ಮೂರರಲ್ಲಿ ಒಂದು, ಕೆನ್ನೆ ಕುತ್ತಿಗೆಗೆ ಅರ್ಧ, ಗದ್ದಕ್ಕೆ ರಕ್ಷಣೆಯೇ ಇಲ್ಲ. ಅಗಲ ಅಂಚಿನಡಿಯೂ ಗದ್ದಕ್ಕೆ ಅರ್ಧ ಕಿರಣ ಬೀಳುವುದಕ್ಕೆ ಕಾರಣ ಆ ಚೆದುರಿದ ಬೆಳಕೇ. ಅದು ಅಂಚಿನ ಕೆಳಗಿನಿಂದ ಅಡ್ಡಡ್ಡ ನುಗ್ಗುತ್ತದೆ. ನೇರ ಬಿಸಿಲಿನ ಲೆಕ್ಕ ಸುಲಭ. ಸೂರ್ಯ 45 ಡಿಗ್ರಿಯಲ್ಲಿದ್ದಾಗ 7.5 ಸೆಂ.ಮೀ. ಅಂಚು ತನ್ನ ಕೆಳಗೆ 7.5 ಸೆಂ.ಮೀ. ನೆರಳು ಚೆಲ್ಲುತ್ತದೆ, 60 ಡಿಗ್ರಿಗೆ ಏರಿದಾಗ 13 ಸೆಂ.ಮೀ., ಅಂದರೆ ಹುಬ್ಬಿನಿಂದ ಗದ್ದದವರೆಗೆ.

ಈ ಅಳತೆಗೆ ಹಚ್ಚಿ ನೋಡಿದರೆ ನಾಡಿನ ಹಳೆಯ ಟೊಪ್ಪಿಗೆಗಳ ಗುಣ ದೋಷ ತಿಳಿಯುತ್ತದೆ. ಕರಾವಳಿಯ ಅಡಿಕೆ ಹಾಳೆಯ ಮುಟ್ಟಾಳೆ ಹಗುರ, ನೆತ್ತಿಗೆ ತಂಪು, ಹೊರೆ ಹೊರಲು ಅನುಕೂಲ, ಅದಕ್ಕೆ ಅಂಚಿಲ್ಲ. ಗಾಂಧಿ ಟೊಪ್ಪಿಗೆಗೂ ಇಲ್ಲ. ದಂಡಿಯಾತ್ರೆಯಲ್ಲಿ ಗಾಂಧೀಜಿಯೊಡನೆ ನಡೆದ ಮೈಲಾರ ಮಹಾದೇವಪ್ಪ ಹುಟ್ಟಿದ ಮೋಟೆಬೆನ್ನೂರು ಬ್ಯಾಡಗಿ ತಾಲ್ಲೂಕಿನದು. ಈ ಸೀಮೆಯಲ್ಲಿ ಆ ಟೊಪ್ಪಿಗೆಗೆ ಇರುವ ಮರ್ಯಾದೆಗೂ ನೆರಳಿಗೂ ಸಂಬಂಧವಿಲ್ಲ. ಮಲೆನಾಡಿನ ಗೊರಬು ಬೆನ್ನನ್ನೂ ಮುಚ್ಚುತ್ತದೆ, ಆದರೆ ಅದು ಮಳೆಗೆ ಬಗ್ಗಿ ನಾಟಿ ಮಾಡುವವರದು. ಗಾಳಿ ಬೀಸುವ ಹೊಳೆಯಲ್ಲಿ ನಿಲ್ಲುವುದಿಲ್ಲ. ಅಂಬಿಗರ ಟೊಪ್ಪಿಗೆ ಎಂದೇ ಹೆಸರಾದದ್ದು ಯುರೋಪಿನಲ್ಲಿದೆ: ಚಪ್ಪಟೆ ನೆತ್ತಿಯ, ಬಿಗಿ ಅಂಚಿನ, ರಿಬ್ಬನ್ ಸುತ್ತಿದ ಹುಲ್ಲಿನ ‘ಬೋಟರ್’. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಇಂಗ್ಲೆಂಡಿನ ದೋಣಿ ಪಂದ್ಯಗಳಲ್ಲಿ ಅದು ಮೆರೆಯಿತು. ವೆನಿಸಿನ ದೋಣಿಗಾರರು ಈಗಲೂ ಅಂಥದ್ದನ್ನು ಹಾಕುತ್ತಾರೆ. ನೋಡಲು ಚೆಂದ. ಅಂಚು ಅಷ್ಟೇನೂ ಅಗಲವಿಲ್ಲ, ತಲೆಗೆ ಸಡಿಲವಾಗಿ ಕೂರುತ್ತದೆ. ಫೋಟೊಕ್ಕೆ ಹೇಳಿ ಮಾಡಿಸಿದ ಟೊಪ್ಪಿಗೆ.

— ರುಮಾಲು ಬಿಟ್ಟು ಕೊಡೂದು ಆಗಂಗಿಲ್ಲ ಮಾಸ್ತರ್ರ. ತಲಿಗೆ ರೂಢಿ ಆಗೇತಿ.

— ಬಿಡಬೇಕಾಗಿಲ್ಲ. ತೆಳು ಟವೆಲ್ಲನ್ನು ತಲೆಯ ಮೇಲೆ ಹರಡಿ, ಎರಡು ಕಡೆ ಕಿವಿ, ಕತ್ತು ಮುಚ್ಚುವಂತೆ ಇಳಿಬಿಟ್ಟು, ಮೇಲೆ ಅಂಚಿನ ಟೊಪ್ಪಿಗೆ ಇಟ್ಟರೆ ಎರಡರ ಲಾಭವೂ ಸಿಗುತ್ತದೆ. ಟೊಪ್ಪಿಗೆ ಗಟ್ಟಿಯಾಗಿಯೂ ಕೂರುತ್ತದೆ. ಟೊಪ್ಪಿಗೆ ಇಲ್ಲದವರು ರುಮಾಲಿನ ಒಂದು ಸೆರಗನ್ನಾದರೂ ಉದ್ದ ಬಿಟ್ಟು ಕತ್ತಿನ ಮೇಲೆ ಇಳಿಸಿಕೊಳ್ಳಬಹುದು. ಮೂಗು, ಕೆನ್ನೆ ಮಾತ್ರ ಬಯಲಲ್ಲೇ ಉಳಿಯುತ್ತವೆ.

ಇನ್ನು ಬಟ್ಟೆಯ ವಿಚಾರ. ಬಟ್ಟೆ ಎಷ್ಟು ಕಿರಣವನ್ನು ತಡೆಯುತ್ತದೆ ಎಂದು ಹೇಳಲು ಯುಪಿಎಫ್ ಎಂಬ ಅಂಕಿ ಬಳಕೆಯಲ್ಲಿದೆ. ಇದಕ್ಕೆ ಮೊದಲು ಮಾನಕ ರೂಪಿಸಿದ್ದು ಆಸ್ಟ್ರೇಲಿಯ ಮತ್ತು ನ್ಯೂಜಿಲೆಂಡ್, 1996ರಲ್ಲಿ. ಯುಪಿಎಫ್ 50 ಎಂದರೆ ಐವತ್ತರಲ್ಲಿ ಒಂದು ಪಾಲು ಮಾತ್ರ ಒಳಗೆ ಬರುತ್ತದೆ. ತೆಳು ಬಿಳಿ ಹತ್ತಿ ಅಂಗಿಗೆ ಈ ಅಂಕಿ ಹತ್ತನ್ನೂ ಮುಟ್ಟದಿರಬಹುದು, ನೆನೆದು ಮೈಗೆ ಅಂಟಿದರೆ ಇನ್ನೂ ಇಳಿಯುತ್ತದೆ. ಹುಟ್ಟು ಹಾಕುವವರ ಭುಜದ ಮೇಲಿನ ಬಟ್ಟೆ ಒಣಗಿರುವುದೇ ಅಪರೂಪ. ದಟ್ಟ ನೇಯ್ಗೆ, ದಟ್ಟ ಬಣ್ಣ, ಪಾಲಿಯೆಸ್ಟರ್ ಅಥವಾ ಉಣ್ಣೆಯ ನೂಲು ಹೆಚ್ಚು ತಡೆಯುತ್ತವೆ. ಕುರಿಗಾರರ ಕರಿ ಕಂಬಳಿಯ ಕೊಪ್ಪೆ ಈ ಲೆಕ್ಕದಲ್ಲಿ ಎಲ್ಲ ಅಂಗಡಿ ಬಟ್ಟೆಗಳನ್ನೂ ಮೀರಿಸೀತು. ಏಪ್ರಿಲಿನಲ್ಲಿ ಅದನ್ನು ಹೊದ್ದು ಹುಟ್ಟು ಹಾಕುವವರು ಸಿಗಬೇಕಷ್ಟೆ. ಹುಲ್ಲಿನ, ಗರಿಯ ಟೊಪ್ಪಿಗೆಗೆ ಗಾಳಿ ಆಡುತ್ತದೆ, ಹೆಣಿಗೆ ಸಡಿಲವಿದ್ದರೆ ಕಿರಣವೂ ಆಡುತ್ತದೆ. ಕೊಳ್ಳುವಾಗ ಬಿಸಿಲಿಗೆ ಹಿಡಿದು ನೋಡಬೇಕು. ಒಳಗೆ ಬೆಳಕಿನ ಚುಕ್ಕೆ ಕಂಡರೆ ಮುಖದ ಮೇಲೂ ಅವೇ ಚುಕ್ಕೆ ಬೀಳುತ್ತವೆ. ಮೇಲ್ಭಾಗ ತಿಳಿ ಬಣ್ಣದ್ದಿದ್ದರೆ ಕಾವು ಕಡಿಮೆ. ಅಂಚಿನ ಕೆಳಮೈ ಕಪ್ಪಗೋ ಹಸಿರಾಗೋ ಇದ್ದರೆ ನೀರಿನಿಂದ ಎದ್ದ ಹೊಳಪನ್ನು ಅದು ಹೀರಿಕೊಳ್ಳುತ್ತದೆ, ಮುಖದತ್ತ ತಿರುಗಿಸುವುದಿಲ್ಲ.

— ಗಾಳಿ ಬಂದ್ರ? ಹಾರಿದ ಟೊಪ್ಪಿಗಿ ಹಿಡಿಯಾಕ ಬಗ್ಗಿದಾಂವ ನೀರಾಗ ಬೀಳತಾನ.

— ಅಂಚು ಅಗಲವಾದಷ್ಟೂ ಗಾಳಿ ಹಿಡಿಯುತ್ತದೆ, ಆದ್ದರಿಂದ ಗದ್ದದ ದಾರ ಬೇಕೇ ಬೇಕು. ದಾರವನ್ನು ಗಂಟು ಹಾಕದೆ ಮಣಿಯಿಂದ ಬಿಗಿಸುವಂತಿದ್ದರೆ ಒಳ್ಳೆಯದು. ನೀರಿಗೆ ಬಿದ್ದಾಗ ಕುತ್ತಿಗೆಗೆ ಸಿಕ್ಕಿಕೊಂಡರೂ ಎಳೆದು ಬಿಡಿಸಬಹುದು. ಇನ್ನೊಂದು ದಾರಿಯೆಂದರೆ ಟೊಪ್ಪಿಗೆಯ ಹಿಂಭಾಗವನ್ನು ಗಿಡ್ಡ ದಾರದಿಂದ ಅಂಗಿಯ ಕಾಲರಿಗೆ ಕಟ್ಟುವುದು. ಹಾರಿದರೂ ಬೆನ್ನ ಮೇಲೆ ಉಳಿಯುತ್ತದೆ. ಜನರನ್ನು ಕೂರಿಸಿಕೊಂಡ ತೆಪ್ಪದಲ್ಲಿ ಛತ್ರಿ ಬಿಚ್ಚುವುದಂತೂ ತೀರಾ ಅಪಾಯ. ಗಾಳಿ ಅದನ್ನು ಹಾಯಿಯಂತೆ ತಳ್ಳುತ್ತದೆ.

— ಬ್ಯಾಡಗಿ ಪ್ಯಾಟ್ಯಾಗ ಹೆಣಮಕ್ಕಳು ಟೊಪ್ಪಿಗಿ ಹಾಕಂಗಿಲ್ಲ. ಕಣ್ಣಷ್ಟ ಬಿಟ್ಟು ಮಾರಿ ಪೂರಾ ಕಟ್ಟಿಕೊಂಡಿರತಾರ.

— ಅವರು ಕಟ್ಟಿಕೊಳ್ಳುವುದು ಮೆಣಸಿನಕಾಯಿಯ ಘಾಟಿಗೆ. ಬಿಸಿಲಿನ ರಕ್ಷಣೆ ಅದರ ಜೊತೆಗೆ ತಾನಾಗಿ ಸಿಕ್ಕಿದ್ದು. ಆದರೆ ಅದು ಟೊಪ್ಪಿಗೆಗಿಂತ ಮೇಲು, ಯಾಕೆಂದರೆ ಅಂಚಿನ ಕೆಳಗಿನಿಂದ ನುಗ್ಗುವ ಬೆಳಕನ್ನೂ ತಡೆಯುತ್ತದೆ. ಮೆಣಸಿನಕಾಯಿ ಜೋರಾಗಿ ಪೇಟೆಗೆ ಬರುವುದು ಜನವರಿಯಿಂದ ಮಾರ್ಚಿನವರೆಗೆ. ಜನವರಿ ನಡುವಿನ ನಡುಹಗಲಿಗೂ ಇಲ್ಲಿ ಸೂರ್ಯ 54 ಡಿಗ್ರಿ ಎತ್ತರದಲ್ಲಿರುತ್ತಾನೆ. ಚಳಿಗಾಲವೆಂದು ಕಿರಣ ರಜೆ ಹಾಕುವುದಿಲ್ಲ. ರಾಣೆಬೆನ್ನೂರಿನ ಸುತ್ತ ಹೈಬ್ರಿಡ್ ಬೀಜೋತ್ಪಾದನೆಯ ಹೊಲಗಳಲ್ಲಿ ಹೂವಿನಿಂದ ಹೂವಿಗೆ ಪರಾಗ ಮುಟ್ಟಿಸುವ ಹೆಣ್ಣುಮಕ್ಕಳು ಸೀರೆಯ ಮೇಲೆ ಗಂಡಸರ ತುಂಬುತೋಳಿನ ಅಂಗಿ ತೊಟ್ಟು, ತಲೆಗೆ ಟವೆಲ್ಲು ಕಟ್ಟುವುದೂ ಇದೇ ಜಾಣತನ. ಹೊಳೆಯ ಗಂಡಸರು ಬನಿಯನ್ನಿನಲ್ಲೋ ಬರಿಮೈಯಲ್ಲೋ ಇರುತ್ತಾರೆ. ಈ ವಿಷಯದಲ್ಲಿ ಹೊಳೆ ಹೊಲದಿಂದ ಕಲಿಯಬೇಕಾದ್ದಿದೆ.

— ಮೆಣಸಿನಕಾಯಿ ಬಾಳ ಬಿಸಲಿಗೆ ಬಿಟ್ರ ಬಣ್ಣ ಇಳೀತೈತಿ, ಮನಿಷಾನ್ನ ಬಿಟ್ರ ಬಣ್ಣ ಏರತೈತಿ. ಇದೇನು ಲೆಕ್ಕ?

— 2011ರಲ್ಲಿ ಭೌಗೋಳಿಕ ಸೂಚಕ ಪಡೆದ ಬ್ಯಾಡಗಿ ಮೆಣಸಿನಕಾಯಿಯ ಕೆಂಪು ಬಣ್ಣದಲ್ಲಿ ದೊಡ್ಡ ಪಾಲು ಕ್ಯಾಪ್ಸಾಂಥಿನ್ ಎಂಬ ವಸ್ತುವಿನದು. ಬೆಳಕು, ಗಾಳಿ ತಾಗಿದಂತೆ ಅದು ಒಡೆಯುತ್ತದೆ. ಒಣಗಿದ ಕಾಯಿಗೆ ಜೀವವಿಲ್ಲ, ಹೋದ ಬಣ್ಣ ಮತ್ತೆ ಹುಟ್ಟುವುದಿಲ್ಲ. ವ್ಯಾಪಾರಿಗಳು ಶೈತ್ಯಾಗಾರದ ಕತ್ತಲಿಗೆ ಸಾಗಿಸುವುದು ಅದಕ್ಕೇ. ಜೀವಂತ ಚರ್ಮ ಏಟು ಬಿದ್ದಾಗ ಮೆಲನಿನ್ ಎಂಬ ಬಣ್ಣವನ್ನು ಹೆಚ್ಚು ತಯಾರಿಸಿ, ಜೀವಕೋಶದ ಕೇಂದ್ರದ ಮೇಲೆ ಕವಚದ ಹಾಗೆ ಹರಡುತ್ತದೆ. ಅಂದರೆ ಮೈ ಕಪ್ಪಾಯಿತೆಂದರೆ ಆಗಲೇ ಹಾನಿ ಶುರುವಾಗಿದೆ.

— ನಮ್ಮ ಮಂದಿ ಮೊದಲ ಕಪ್ಪು. ಮತ್ತ ಇಷ್ಟೆಲ್ಲಾ ಯಾಕ ಬೇಕು?

— ಕಪ್ಪು ಚರ್ಮದ ಮೇಲ್ಪದರ ಬಿಳಿ ಚರ್ಮದ್ದಕ್ಕಿಂತ ಹಲವು ಪಟ್ಟು ಹೆಚ್ಚು ಕಿರಣ ತಡೆಯುತ್ತದೆ. ಬಿಸಿಲಿನಿಂದ ಬರುವ ಚರ್ಮದ ಕ್ಯಾನ್ಸರ್ ಭಾರತದಲ್ಲಿ ಆಸ್ಟ್ರೇಲಿಯಕ್ಕಿಂತ ಬಹಳ ಕಡಿಮೆ ಇರುವುದಕ್ಕೆ ಅದೇ ಮುಖ್ಯ ಕಾರಣ. ಆಸ್ಟ್ರೇಲಿಯದ ಹೆದರಿಕೆಯನ್ನು ಹಾಗೆಯೇ ಇಲ್ಲಿಗೆ ತರುವುದು ಸರಿಯಲ್ಲ. ಇಲ್ಲಿನ ತೊಂದರೆಗಳು ಬೇರೆ. ಕೆನ್ನೆ, ಮೂಗಿನ ಮೇಲೆ ಹರಡುವ ಬಂಗು ಬಿಸಿಲಿಗೆ ಹೆಚ್ಚಾಗುತ್ತದೆ, ಒಮ್ಮೆ ಕಡಿಮೆಯಾದರೂ ಬಿಸಿಲಿಗೆ ಹೋದರೆ ಮರಳುತ್ತದೆ. ಕೆಳತುಟಿ ಮುಂಚಾಚಿರುವುದರಿಂದ ಅದಕ್ಕೆ ಬೀಳುವ ಬಿಸಿಲು ಹೆಚ್ಚು. ತುಟಿಯ ಹುಣ್ಣು ವಾರಗಟ್ಟಲೆ ಮಾಯದಿದ್ದರೆ ವೈದ್ಯರಿಗೆ ತೋರಿಸಲೇಬೇಕು. ತೊನ್ನಿನ ಕಲೆಗಳಲ್ಲಿ ಮೆಲನಿನ್ ಇರುವುದಿಲ್ಲ, ಆ ಜಾಗ ಬೇಗ ಸುಡುತ್ತದೆ. ಕಣ್ಣಿಗೆ ಕಪ್ಪು ಚರ್ಮದ ರಕ್ಷಣೆ ಇಲ್ಲವೇ ಇಲ್ಲ: ಮೋತಿಬಿಂದು, ಕಣ್ಣಿನ ಮೂಲೆಯಿಂದ ಕರಿಗುಡ್ಡೆಯತ್ತ ಬೆಳೆಯುವ ಮಾಂಸದ ಪೊರೆ, ಎರಡೂ ಬಯಲಲ್ಲಿ ದುಡಿಯುವವರಿಗೆ ಹೆಚ್ಚು. ಅಂಚಿನ ಟೊಪ್ಪಿಗೆ ಕಣ್ಣಿಗೂ ನೆರಳು ಕೊಡುತ್ತದೆ. ಜೊತೆಗೆ ನೇರಳಾತೀತವನ್ನು ತಡೆಯುವ ಪೋಲರಾಯ್ಡ್ ಕನ್ನಡಕ ಇದ್ದರೆ ನೀರಿನ ಹೊಳಪು ಅಡಗಿ, ಮುಳುಗಿದ ಬಂಡೆಗಳೂ ಕಾಣುತ್ತವೆ. ಬರೀ ಕಪ್ಪು ಗಾಜಿನದು ಕೆಡುಕೇ ಮಾಡೀತು. ಅದರ ಹಿಂದೆ ಪಾಪೆ ಅರಳಿ ಕಿರಣ ಇನ್ನಷ್ಟು ಒಳಗೆ ಹೋಗುತ್ತದೆ.

— ಮುಲಾಮು ಹಚ್ಚಿದ್ರ ಟೊಪ್ಪಿಗಿ ಬ್ಯಾಡ ಅಂತ ಹುಡುಗೂರು ಅಂತಾರ.

— ಮುಲಾಮು ಟೊಪ್ಪಿಗೆಗೆ ಸಿಗದ ಜಾಗಕ್ಕೆ: ಗದ್ದ, ಕೆಳತುಟಿ, ಕೈಯ ಮೇಲ್ಭಾಗ. ಮುಲಾಮಿನ ಬಲ ಹೇಳುವ ಎಸ್‌ಪಿಎಫ್ ಅಂಕಿ 30 ಇದ್ದದ್ದು ಸುಡುವ ಕಿರಣದ ನೂರರಲ್ಲಿ 97 ಪಾಲು ತಡೆಯುತ್ತದೆ, 50 ಇದ್ದದ್ದು 98. ಆದ್ದರಿಂದ ದೊಡ್ಡ ಅಂಕಿಗೆ ದೊಡ್ಡ ದುಡ್ಡು ಕೊಡುವುದಕ್ಕಿಂತ ಸಾಕಷ್ಟು ಹಚ್ಚುವುದು ಮುಖ್ಯ. ಚರ್ಮದ ಪ್ರತಿ ಚದರ ಸೆಂಟಿಮೀಟರಿಗೆ 2 ಮಿಲಿಗ್ರಾಂ ಹಚ್ಚಿದಾಗ ಬರುವ ಅಂಕಿ ಅದು. ಜನ ಹಚ್ಚುವುದು ಸಾಮಾನ್ಯವಾಗಿ ಅದರ ಅರ್ಧವೋ ಇನ್ನೂ ಕಡಿಮೆಯೋ. ಎರಡು ತಾಸಿಗೊಮ್ಮೆ, ಬೆವತು ಒರೆಸಿಕೊಂಡ ಮೇಲೆ ಮತ್ತೊಮ್ಮೆ ಹಚ್ಚಬೇಕು. ಪ್ರತಿದಿನ ಹೊಳೆಯಲ್ಲಿರುವವರಿಗೆ ಇದು ದುಬಾರಿ. ಟೊಪ್ಪಿಗೆ, ತುಂಬುತೋಳಿನ ಅಂಗಿ ಒಮ್ಮೆ ಕೊಂಡರೆ ವರ್ಷ ಬರುತ್ತವೆ. ಕೊಬ್ಬರಿ ಎಣ್ಣೆ ಒಣ ಚರ್ಮಕ್ಕೆ ಒಳ್ಳೆಯದು, ಕಿರಣ ತಡೆಯಲು ಅದನ್ನು ನಂಬಬಾರದು. ನಿಂಬೆರಸ ತಿಕ್ಕಿಕೊಂಡು ಬಿಸಿಲಿಗೆ ಹೋಗುವುದು ತೀರಾ ಕೆಟ್ಟದ್ದು. ನಿಂಬೆಯಲ್ಲಿರುವ ಕೆಲವು ವಸ್ತುಗಳು ‘ಎ’ ಕಿರಣ ತಾಗಿದಾಗ ಚರ್ಮವನ್ನು ಸುಡುತ್ತವೆ. ಒಂದೆರಡು ದಿನದಲ್ಲಿ ಬೊಬ್ಬೆ ಏಳುತ್ತದೆ, ಕಪ್ಪು ಗೆರೆ ತಿಂಗಳುಗಟ್ಟಲೆ ಉಳಿಯುತ್ತದೆ.

— ಬಿಸಲು ಬೀಳಲಿಲ್ಲಂದ್ರ ಎಲುಬು ಸವೀತಾವ ಅಂತ ಡಾಕ್ಟರ್ರ ಹೇಳ್ತಾರಲ್ಲಾ?

— ಡಿ ಜೀವಸತ್ವ ತಯಾರಾಗಲು ‘ಬಿ’ ಕಿರಣವೇ ಬೇಕು, ಅದು ಸರಿ. ದಿನವೆಲ್ಲ ಹೊಳೆಯಲ್ಲಿರುವವರ ಮುಂಗೈ, ಕಾಲುಗಳಿಗೆ ಬೀಳುವಷ್ಟು ಬಿಸಿಲು ಸಾಮಾನ್ಯವಾಗಿ ಅದಕ್ಕೆ ಸಾಕು. ಕೊರತೆಯಾಗುವ ಸಂಭವ ಮುಖ ಮುಚ್ಚಿಕೊಂಡ ಅವರಿಗಿಂತ ಒಳಗೆ ಕುಳಿತು ಕೆಲಸ ಮಾಡುವವರಿಗೆ ಹೆಚ್ಚು.

— ಗುಳಿಗಿ ತಗೊಳ್ಳೋರು ಬಿಸಲಿಗೆ ಹೋಗಬಾರದು ಅಂತಾರ. ಅದು ಖರೇನ?

— ಎಲ್ಲ ಗುಳಿಗೆಗೂ ಅಲ್ಲ. ನೀರಿನಲ್ಲಿ ಕೆಲಸ ಮಾಡುವವರಿಗೆ ಸಂಬಂಧಿಸಿದ್ದು ಡಾಕ್ಸಿಸೈಕ್ಲಿನ್. ಇಲಿಜ್ವರಕ್ಕೆ ವೈದ್ಯರು ಬರೆದುಕೊಡುವ ಔಷಧಗಳಲ್ಲಿ ಅದೂ ಒಂದು. ಕೊಚ್ಚೆನೀರು, ನೆರೆನೀರಿನಿಂದ ಹರಡುವ ಆ ರೋಗ ಮಳೆಗಾಲದಲ್ಲಿ ಹೆಚ್ಚು. ಈ ಗುಳಿಗೆ ನುಂಗುತ್ತಿರುವಷ್ಟು ದಿನ ಚರ್ಮ ಬಿಸಿಲಿಗೆ ಬೇಗ ಕೆಂಪಾಗಿ ಉರಿಯಬಹುದು. ಹಾಗೆಂದು ಅದನ್ನು ನಡುವೆ ಬಿಡಬಾರದು. ಮೋಡವಿದ್ದ ದಿನವೂ ಅಗಲ ಅಂಚಿನ ಟೊಪ್ಪಿಗೆ, ತುಂಬುತೋಳಿನ ಅಂಗಿ ಹಾಕಿಕೊಂಡು, ಸಾಧ್ಯವಾದರೆ ಬೆಳಗಿನ ಅಥವಾ ಸಂಜೆಯ ಸರದಿ ಹಿಡಿಯಬೇಕು. ಮೈಮೇಲೆ ಬೊಬ್ಬೆ ಎದ್ದರೆ ಅದೇ ವೈದ್ಯರಿಗೆ ತೋರಿಸಿ ಗುಳಿಗೆ ಬದಲಿಸಿಕೊಳ್ಳಬೇಕು.